ಶೇಡ್ ನೆಟ್ಟೋ, ಸುಣ್ಣವೋ, ಹೊದಿಕೆಯೋ, ನೀರೋ? ಹಿತ್ತಲ ಹಣ್ಣಿನ ಗಿಡಗಳಿಗೆ ಬೇಸಿಗೆಯ ಆಯ್ಕೆಗಳು

ಬಿಸಿಲು ಏರಿದ ಕೂಡಲೇ ಬಹಳ ಮಂದಿ ಮೊದಲು ಮಾಡುವ ಕೆಲಸ ಶೇಡ್ ನೆಟ್ ಕೊಳ್ಳುವುದು. ಕಣ್ಣಿಗೆ ಕಾಣುವುದು ಬಿಸಿಲು ತಾನೇ, ನೆರಳು ಮಾಡಿಬಿಟ್ಟರೆ ಆಯಿತು ಅನ್ನಿಸುತ್ತದೆ. ಆದರೆ ಹಣ್ಣಿನ ಗಿಡಗಳ ವಿಷಯದಲ್ಲಿ ನಾನು ನೆಟ್ಟನ್ನು ಪಟ್ಟಿಯ ಕೊನೆಯಲ್ಲಿ ಇಡುತ್ತೇನೆ. ಅದಕ್ಕೆ ಕಾರಣವಿದೆ.

ಎಲೆಗೆ ತನ್ನನ್ನು ತಾನೇ ತಂಪು ಮಾಡಿಕೊಳ್ಳುವ ಶಕ್ತಿ ಇದೆ. ಬೇರು ಎಳೆದ ನೀರು ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ನೀರು ಸಾಲದಿದ್ದರೆ ಗಿಡ ಆ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ನೀರೇನೋ ಉಳಿಯುತ್ತದೆ, ಆದರೆ ಎಲೆ ಕಾಯತೊಡಗುತ್ತದೆ. ಬಿಸಿಲಿಗೆ ಸುಟ್ಟಿತು ಅಂತ ನಾವು ಹೇಳುವ ಎಷ್ಟೋ ಎಲೆಗಳು ನಿಜವಾಗಿ ನೀರಿಲ್ಲದೆ ಸುಟ್ಟವು. ತೊಗಟೆ ಮತ್ತು ಹಣ್ಣಿನ ಕಥೆ ಬೇರೆ. ಅವುಗಳಿಗೆ ಎಲೆಯಷ್ಟು ಬೆವರುವ ದಾರಿ ಇಲ್ಲ. ಬುಡಕ್ಕೆ ಎಷ್ಟೇ ನೀರು ಹಾಕಿದರೂ ನೇರ ಬಿಸಿಲಿಗೆ ತೆರೆದಿಟ್ಟ ತೊಗಟೆ ಕಾಯುತ್ತದೆ, ಹಣ್ಣಿನ ಕೆನ್ನೆ ಬೇಯುತ್ತದೆ.

ಹಾಗಾಗಿ ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು, ಗಿಡದ ಯಾವ ಭಾಗವನ್ನು ಕಾಪಾಡಬೇಕಾಗಿದೆ ಅನ್ನುವುದು.

ಪೆಟ್ಟು ಎಲ್ಲಿ ಬಿದ್ದಿದೆ?

ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಸರಿಹೋದರೆ ಗಾಬರಿ ಬೇಡ. ಬೇರು ಎಳೆಯುವುದಕ್ಕಿಂತ ಜೋರಾಗಿ ಎಲೆ ನೀರು ಕಳೆದುಕೊಂಡಿತ್ತು, ಅಷ್ಟೇ. ಬೆಳಗ್ಗೆ ಎದ್ದು ನೋಡಿದಾಗಲೂ ಬಾಡಿಯೇ ಇದ್ದರೆ ಮಣ್ಣು ಒಣಗಿದೆ ಅಂತ ಅರ್ಥ. ಅಥವಾ ಮಣ್ಣು ಕೆಸರಾಗಿ ಬೇರು ಕೊಳೆಯುತ್ತಿದೆ, ಅದರಲ್ಲೂ ಗಿಡ ಹೀಗೇ ಬಾಡುತ್ತದೆ. ಎರಡಕ್ಕೂ ಮದ್ದು ಪೂರ್ತಿ ಉಲ್ಟಾ. ಅದಕ್ಕೇ ಪೈಪು ಹಿಡಿಯುವ ಮುನ್ನ ಒಂದು ಗೇಣು ಆಳ ಅಗೆದು ಮಣ್ಣು ಮುಟ್ಟಿ ನೋಡಬೇಕು.

ಎಲೆಯ ಅಂಚು ಮಾತ್ರ ಕಂದಾಗಿ ಒಣಗುತ್ತಾ ಬಂದರೆ ನೀರಿನ ಕೊರತೆ ಇರಬಹುದು, ಇಲ್ಲವೇ ನೀರಿನಲ್ಲಿ ಉಪ್ಪು ಜಾಸ್ತಿ ಇರಬಹುದು. ಬಿಸಿಲಿಗೆ ಮುಖ ಮಾಡಿದ ಎಲೆಗಳಲ್ಲಿ ಮಾತ್ರ, ಅದೂ ಅಂಚು ಬಿಟ್ಟು ನಡುವೆ ಬಿಳಿಚಿದ ಮಚ್ಚೆ ಬಿದ್ದಿದ್ದರೆ ಅದು ಬಿಸಿಲಿನದೇ ಪೆಟ್ಟು. ಹಣ್ಣಿನಲ್ಲಿ ಒಂದೇ ಕೆನ್ನೆ ಹಳದಿಯಾಗಿ, ಆಮೇಲೆ ಕಂದಾಗಿ, ಚರ್ಮ ಗಟ್ಟಿಯಾಗುತ್ತದೆ. ಬಿಸಿಲಲ್ಲಿರುವ ಹಣ್ಣಿನ ಮೈ ಸುತ್ತಲಿನ ಗಾಳಿಗಿಂತ 10ರಿಂದ 15 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯಬಲ್ಲದು. ಸೇಬಿನಲ್ಲಿ ಸಿಪ್ಪೆಯ ಬಿಸಿ 46ರಿಂದ 49 ಡಿಗ್ರಿ ಮುಟ್ಟಿದರೆ ಕಂದು ಕಲೆ ಶುರು, 52ರ ಹತ್ತಿರ ಹೋದರೆ ಆ ಭಾಗ ಸತ್ತೇ ಹೋಗುತ್ತದೆ. ಅಂದರೆ ಹವೆ 36–37 ಡಿಗ್ರಿ ಇದ್ದರೂ ಸಾಕು, ಹಣ್ಣು ಬೇಯುವ ಹಂತಕ್ಕೆ ಬಂದಿರುತ್ತದೆ.

ಎಲ್ಲಕ್ಕಿಂತ ತಡವಾಗಿ ಗೊತ್ತಾಗುವುದು, ಎಲ್ಲಕ್ಕಿಂತ ಕೆಟ್ಟದ್ದು ತೊಗಟೆಯ ಪೆಟ್ಟು. ಮಧ್ಯಾಹ್ನದ ನಂತರದ ಬಿಸಿಲು ಬೀಳುವ ಪಶ್ಚಿಮದ ಕಡೆ ತೊಗಟೆ ಬಣ್ಣ ಕಳೆದುಕೊಳ್ಳುತ್ತದೆ, ಒಣಗಿ ಬಿರಿಯುತ್ತದೆ, ಕೆಲವು ಗಿಡಗಳಲ್ಲಿ ಅಂಟು ಸೋರುತ್ತದೆ. ಆ ಬಿರುಕಿನಲ್ಲೇ ಕಾಂಡ ಕೊರಕ ಹುಳ ಮತ್ತು ಶಿಲೀಂಧ್ರ ಒಳಗೆ ಸೇರುತ್ತವೆ. ಎಲೆ ಸುಟ್ಟರೆ ಹೊಸ ಎಲೆ ಬರುತ್ತದೆ. ಕಾಂಡದ ಒಂದು ಮಗ್ಗುಲು ಸತ್ತರೆ ಅದು ಮುಚ್ಚಿಕೊಳ್ಳಲು ವರ್ಷಗಳೇ ಬೇಕು.

ಹೊದಿಕೆ: ಇಲ್ಲಿ ಯೋಚನೆ ಮಾಡಲು ಹೆಚ್ಚೇನೂ ಇಲ್ಲ

ಒಂದೇ ಒಂದು ಕೆಲಸ ಮಾಡಲು ಸಮಯ ಇದೆ ಅನ್ನುವವರು ಬುಡಕ್ಕೆ ಹೊದಿಕೆ ಹಾಕಲಿ. ಹಣ್ಣಿನ ಗಿಡ ನೀರು ಕುಡಿಯುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ 30ರಿಂದ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಬೇಗ ಕಾಯುವುದೂ ಬೇಗ ಒಣಗುವುದೂ ಇದೇ ಪದರ. ಮಣ್ಣಿನ ಬಿಸಿ 40 ಡಿಗ್ರಿ ಸಮೀಪಿಸಿದರೆ ಬಹಳಷ್ಟು ಗಿಡಗಳ ಬೇರು ಬೆಳೆಯುವುದನ್ನೇ ನಿಲ್ಲಿಸುತ್ತದೆ.

ಯಾವ ಹೊದಿಕೆ? ತರಗೆಲೆ, ಒಣಹುಲ್ಲು, ಮರದ ಚಕ್ಕೆ ಇವು ಮೂರರಲ್ಲಿ ಯಾವುದಾದರೂ ಸರಿ. 3–4 ಇಂಚು ದಪ್ಪ ಇರಲಿ, ಕೊಂಬೆಗಳ ಅಂಚಿನ ಕೆಳಗಿನವರೆಗೂ ಹರಡಲಿ. ಮರದ ಚಕ್ಕೆ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಅದು ಮಣ್ಣಿನ ಸಾರಜನಕ ಹೀರಿಬಿಡುತ್ತದೆ ಅಂತ ಹೆದರಿಸುವವರು ಇದ್ದಾರೆ. ಮಣ್ಣಿನೊಳಗೆ ಬೆರೆಸಿದರೆ ಆ ಮಾತು ನಿಜ, ಮೇಲೆ ಹರಡಿದರೆ ತೊಂದರೆ ಇಲ್ಲ. ತರಗೆಲೆ ಗಾಳಿಗೆ ಹಾರುತ್ತದೆ, ಒಮ್ಮೆ ನೀರು ಚಿಮುಕಿಸಿದರೆ ಕೂತುಕೊಳ್ಳುತ್ತದೆ. ಹಸಿ ಹುಲ್ಲು ಕತ್ತರಿಸಿ ದಪ್ಪಗೆ ಹಾಕಿದರೆ ಅದು ಚಾಪೆಯಂತೆ ಅಂಟಿಕೊಂಡು ನೀರನ್ನೇ ತಡೆಯುತ್ತದೆ, ಅದನ್ನು ತೆಳ್ಳಗೆ ಹಾಕಿ ಒಣಗಿದ ಮೇಲೆ ಇನ್ನೊಂದು ಪದರ ಹಾಕಬೇಕು.

ಕಪ್ಪು ಪ್ಲಾಸ್ಟಿಕ್ ಹಾಳೆ ಕಳೆಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮಣ್ಣನ್ನು ಬಿಸಿ ಮಾಡುತ್ತದೆ. ನಮಗೆ ಬೇಕಾಗಿರುವುದು ಅದಲ್ಲ. ಬೆಣಚುಕಲ್ಲು, ಜಲ್ಲಿ ನೋಡಲು ಚಂದ. ಹಗಲಿಡೀ ಕಾದು ರಾತ್ರಿಯೂ ಶಾಖ ಬಿಡುತ್ತವೆ. ಸೆಕೆಯ ಜಾಗದಲ್ಲಿ ಬೇಡವೇ ಬೇಡ.

ಎರಡು ಎಚ್ಚರ. ಹೊದಿಕೆ ಕಾಂಡಕ್ಕೆ ತಾಗಬಾರದು, ಸುತ್ತ ಒಂದು ಗೇಣು ಜಾಗ ಬಿಡಿ. ತಾಗಿದರೆ ಬುಡ ಕೊಳೆಯುತ್ತದೆ, ಗೆದ್ದಲಿಗೂ ಮೆಟ್ಟಿಲು ಕಟ್ಟಿಕೊಟ್ಟ ಹಾಗಾಗುತ್ತದೆ. ಇನ್ನೊಂದು, ಒಣಗಿದ ಮಣ್ಣಿನ ಮೇಲೆ ಹೊದಿಕೆ ಹಾಕಿದರೆ ಒಣ ಮಣ್ಣನ್ನೇ ಮುಚ್ಚಿಟ್ಟಂತೆ. ಮೊದಲು ಚೆನ್ನಾಗಿ ನೀರುಣಿಸಿ, ಆಮೇಲೆ ಹಾಕಿ. ಬುಡದಲ್ಲಿರುವ ಹುಲ್ಲನ್ನು ತೆಗೆಯುವುದಕ್ಕೆ ಗುದ್ದಲಿ ಹಿಡಿದು ಅಗೆಯಬೇಡಿ, ಮೇಲ್ಬೇರುಗಳು ತುಂಡಾಗುತ್ತವೆ. ಹುಲ್ಲನ್ನು ನೆಲಮಟ್ಟಕ್ಕೆ ಕೊಯ್ದು ಅದರ ಮೇಲೆಯೇ ಹೊದಿಕೆ ಹರಡಿದರೆ ಮುಗಿಯಿತು.

ನೀರು: ಎಷ್ಟು, ಯಾವುದರಿಂದ

ದಾರಿಗಳನ್ನು ಹೋಲಿಸುವ ಮುಂಚೆ ಗಿಡಕ್ಕೆ ಎಷ್ಟು ಬೇಕು ಅನ್ನುವ ಅಂದಾಜು ಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬಿರುಬೇಸಿಗೆಯ ದಿನ ಒಣ ಹವೆ ಸುಮಾರು 6 ಮಿಲಿಮೀಟರ್ ನೀರು ಎಳೆಯುತ್ತದೆ ಅಂದುಕೊಳ್ಳಿ. 3 ಮೀಟರ್ ಅಗಲ ಹರಡಿದ ನಿಂಬೆ ಗಿಡದ ನೆರಳು ಸುಮಾರು 7 ಚದರ ಮೀಟರ್. 7ನ್ನು 6ರಿಂದ ಗುಣಿಸಿದರೆ 42. ಗಿಡ ಅದರಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಬಳಸುತ್ತದೆ ಅಂತ ಹಿಡಿದರೆ ದಿನಕ್ಕೆ 30 ಲೀಟರ್, ವಾರಕ್ಕೆ 200ಕ್ಕೂ ಸ್ವಲ್ಪ ಮೇಲೆ. ಒಂದೇ ಮೀಟರ್ ಅಗಲದ ಸಣ್ಣ ಗಿಡಕ್ಕೆ ಇದೇ ಲೆಕ್ಕದಲ್ಲಿ ದಿನಕ್ಕೆ ಮೂರೂವರೆ ಲೀಟರ್ ಸಾಕು. 6 ಮೀಟರ್ ಹರಡಿದ ಮರಕ್ಕೆ 120 ಲೀಟರಿನ ಹತ್ತಿರ. ಅಗಲ ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟು ಬೇಕು, ಇದು ಬಹಳ ಮಂದಿಗೆ ಹೊಳೆಯುವುದಿಲ್ಲ. ದೊಡ್ಡ ಮರಕ್ಕೂ ಸಣ್ಣ ಗಿಡಕ್ಕೂ ಒಂದೊಂದು ಬಕೆಟ್ ಹಾಕಿ ನ್ಯಾಯ ಮಾಡಿದೆವು ಅಂದುಕೊಳ್ಳುತ್ತೇವೆ. ಹಾಗೆಂದು ದೊಡ್ಡ ಮಾವಿನ ಮರಕ್ಕೆ ದಿನಾ ಅಷ್ಟು ಹಾಕಲೇಬೇಕು ಅಂತಲ್ಲ. ಅದರ ಬೇರು ಆಳದ ನೀರನ್ನೂ ಮುಟ್ಟಿರುತ್ತದೆ.

ಇದನ್ನು ದಿನಾ ಸ್ವಲ್ಪ ಸ್ವಲ್ಪ ಕೊಡಬೇಕೋ, ಒಟ್ಟಿಗೆ ಕೊಡಬೇಕೋ? ನೆಲದಲ್ಲಿ ನೆಟ್ಟ, ಬೇರೂರಿದ ಗಿಡಕ್ಕೆ ಒಟ್ಟಿಗೆ, ಆಳಕ್ಕೆ ಇಳಿಯುವಂತೆ ಕೊಡುವುದೇ ಸರಿ. ದಿನಾ ಮೇಲ್ಮಣ್ಣು ಮಾತ್ರ ಒದ್ದೆ ಮಾಡಿದರೆ ಸಾಕಷ್ಟು ನೀರು ಆವಿಯಾಗುತ್ತದೆ, ಬೇರೂ ಮೇಲೆಯೇ ಉಳಿದುಬಿಡುತ್ತದೆ. ಆಮೇಲೆ ಎರಡು ದಿನ ನೀರು ತಪ್ಪಿದರೂ ಗಿಡ ಸೊರಗುತ್ತದೆ. ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಮಣ್ಣು ಹೇಳುತ್ತದೆ. ಒಂದು ಇಂಚು ನೀರು ಮರಳುಮಣ್ಣಿನಲ್ಲಿ ಸುಮಾರು ಒಂದು ಅಡಿ ಇಳಿಯುತ್ತದೆ, ಜೇಡಿಮಣ್ಣಿನಲ್ಲಿ ನಾಲ್ಕೈದು ಇಂಚು ಮಾತ್ರ. ಮರಳುಮಣ್ಣು ನೀರು ಹಿಡಿದಿಡುವುದಿಲ್ಲ, ವಾರಕ್ಕೆ ಎರಡು ಸಲವಾದರೂ ಬೇಕು. ಜೇಡಿಮಣ್ಣಿಗೆ ನಿಧಾನವಾಗಿ ಜಾಸ್ತಿ ಕೊಟ್ಟು ಹತ್ತು ಹದಿನೈದು ದಿನ ಸುಮ್ನಿರಬಹುದು. ನೀರು ಎಲ್ಲಿವರೆಗೆ ಇಳಿದಿದೆ ಅಂತ ತಿಳಿಯಲು ಉದ್ದನೆಯ ಕಬ್ಬಿಣದ ಕಂಬಿ ಒತ್ತಿ ನೋಡಿ. ಒದ್ದೆ ಇರುವವರೆಗೆ ಸಲೀಸಾಗಿ ಇಳಿಯುತ್ತದೆ, ಒಣಗಿದಲ್ಲಿ ನಿಲ್ಲುತ್ತದೆ.

ಈಗ ದಾರಿಗಳು.

ಪಾತಿ ಮಾಡಿ ಪೈಪು ಬಿಡುವುದು ಸರಳ. ಉಪಕರಣ ಬೇಡ, ಕೆಡುವುದೇನೂ ಇಲ್ಲ. ತೊಂದರೆ ಏನೆಂದರೆ ಪಾತಿಯನ್ನು ಎಲ್ಲರೂ ಕಾಂಡದ ಬುಡಕ್ಕೇ ಕಟ್ಟುತ್ತಾರೆ. ನೀರು ಕುಡಿಯುವ ಬೇರು ಅಲ್ಲಿಲ್ಲ, ಕೊಂಬೆಗಳ ತುದಿಯ ಕೆಳಗಿದೆ. ನಿಂಬೆ, ಕಿತ್ತಳೆ ಜಾತಿಯಲ್ಲಂತೂ ಕಾಂಡದ ಸುತ್ತ ನೀರು ನಿಂತರೆ ಬುಡ ಕೊಳೆತು ಅಂಟು ಸೋರುವ ರೋಗ ಬರುತ್ತದೆ. ಅದಕ್ಕೆ ಜೋಡಿ ಉಂಗುರದ ಪಾತಿ ಒಳ್ಳೆಯದು. ಕಾಂಡದ ಸುತ್ತ ಒಂದು ಸಣ್ಣ ಏರಿ, ಕೊಂಬೆಯ ಅಂಚಿನಲ್ಲಿ ಇನ್ನೊಂದು ಏರಿ, ನೀರು ಅವೆರಡರ ನಡುವೆ ಮಾತ್ರ. ಗಿಡ ಬೆಳೆದಂತೆ ಹೊರಗಿನ ಏರಿಯನ್ನು ಆಚೆ ಸರಿಸಬೇಕು.

ಡ್ರಿಪ್ ನೀರು ಉಳಿಸುತ್ತದೆ, ನಿಧಾನವಾಗಿ ಇಳಿಯುವುದರಿಂದ ಜೇಡಿಮಣ್ಣಿಗೂ ಇಳಿಜಾರಿಗೂ ಹೊಂದುತ್ತದೆ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ನಾಲ್ಕು ಇದ್ದರೆ ಗಂಟೆಗೆ 16 ಲೀಟರ್. ಮೇಲಿನ ನಿಂಬೆ ಗಿಡಕ್ಕೆ ವಾರಕ್ಕೆ 13 ಗಂಟೆ ಓಡಿಸಬೇಕು, ಎರಡು ಕಂತಿನಲ್ಲಿ ಆರೂವರೆ ಗಂಟೆಯಂತೆ. ಇಲ್ಲೇ ಎಡವುವುದು. ಅರ್ಧ ಗಂಟೆ ಬಿಟ್ಟು, ನೆಲ ಒದ್ದೆ ಕಂಡು, ನಲ್ಲಿ ನಿಲ್ಲಿಸುತ್ತಾರೆ. ಇನ್ನೊಂದು, ಸಸಿ ನೆಟ್ಟಾಗ ಹಾಕಿದ ಒಂದೇ ಡ್ರಿಪ್ಪರ್ ಐದು ವರ್ಷವಾದರೂ ಕಾಂಡದ ಪಕ್ಕದಲ್ಲೇ ಇರುತ್ತದೆ. ಗಿಡ ಅಗಲವಾದಂತೆ ಪೈಪನ್ನು ಕೊಂಬೆಗಳ ಅಂಚಿನ ಸುತ್ತಲೂ ತಂದು ಡ್ರಿಪ್ಪರ್ ಹೆಚ್ಚಿಸಬೇಕು. ಗಡಸು ನೀರಾದರೆ ರಂಧ್ರ ಕಟ್ಟುತ್ತದೆ, ಫಿಲ್ಟರ್ ತೊಳೆಯುವ ಅಭ್ಯಾಸ ಬೇಕು. ಪೈಪನ್ನು ಹೊದಿಕೆಯ ಕೆಳಗೆ ಇಟ್ಟರೆ ಒಳ್ಳೆಯದು, ಆದರೆ ತಿಂಗಳಿಗೊಮ್ಮೆ ಹೊದಿಕೆ ಸರಿಸಿ ಹನಿ ಬೀಳುತ್ತಿದೆಯೇ ನೋಡಿ. ಕಟ್ಟಿಕೊಂಡ ಡ್ರಿಪ್ಪರ್ ಇರುವ ಕಡೆಯ ಕೊಂಬೆಯೇ ಮೊದಲು ಸೊರಗುವುದು.

ಮಣ್ಣಿನ ಮಡಕೆ ಹೂಳುವುದು ಹಳೆಯ ಉಪಾಯ, ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದಲ್ಲಿ ಬಳಕೆಯಲ್ಲಿತ್ತು. ಮೆರುಗು ಹಾಕದ ಮಡಕೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಡಬೇಕು. ಸುತ್ತಲ ಮಣ್ಣು ಒಣಗಿದಷ್ಟೂ ನೀರು ಜಿನುಗುತ್ತದೆ, ಒದ್ದೆ ಇದ್ದರೆ ನಿಧಾನವಾಗುತ್ತದೆ. ನೀರು ಕೊಡುವುದನ್ನು ಗಿಡದ ಕೈಗೇ ಬಿಟ್ಟಂತೆ. ನೆಟ್ಟು ಎರಡು ಮೂರು ವರ್ಷದ ಒಳಗಿನ ಗಿಡಕ್ಕೆ ಇದು ತುಂಬಾ ಒಳ್ಳೆಯದು, ದಿನಾ ನೀರು ಹಾಕಲು ಆಗದವರಿಗಂತೂ ವರ. ಮರ ದೊಡ್ಡದಾದರೆ ಮಡಕೆಯ ನೀರು ಯಾವ ಮೂಲೆಗೂ ಸಾಲುವುದಿಲ್ಲ, ದಪ್ಪ ಬೇರು ಮಡಕೆಯನ್ನೇ ಒಡೆಯುತ್ತದೆ. ಉಪ್ಪು ನೀರಾದರೆ ಅದರ ಸಣ್ಣ ರಂಧ್ರಗಳೂ ಮುಚ್ಚುತ್ತವೆ.

ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ನೇತುಹಾಕುವುದು ಊರಿಗೆ ಹೋಗುವಾಗ ಸಸಿಗೆ ಆದೀತು, ಅದಕ್ಕಿಂತ ಹೆಚ್ಚಿಗೆ ಇಲ್ಲ.

ಎಲೆಯ ಮೇಲೆ ನೀರು ಚಿಮುಕಿಸಿದರೆ ಹನಿಗಳು ಭೂತಗನ್ನಡಿಯಂತೆ ಕೆಲಸ ಮಾಡಿ ಎಲೆ ಸುಡುತ್ತವೆ ಅನ್ನುವ ಮಾತು ಕೇಳಿರುತ್ತೀರಿ. 2010ರಲ್ಲಿ ಹಂಗೇರಿಯ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ನುಣುಪಾದ ಎಲೆಯ ಮೇಲೆ ಹಾಗೆ ಆಗುವುದಿಲ್ಲ, ಹನಿಯನ್ನು ಎತ್ತಿ ಹಿಡಿಯುವ ಕೂದಲಿರುವ ಎಲೆಗಳಲ್ಲಿ ಮಾತ್ರ ಸಾಧ್ಯ ಅಂತ ತಿಳಿಯಿತು. ಆದರೂ ಮಧ್ಯಾಹ್ನ ಮೇಲಿನಿಂದ ನೀರು ಹಾರಿಸಬೇಡಿ, ಕಾರಣ ಬೇರೆ. ಅದರಲ್ಲಿ ಸಾಕಷ್ಟು ಆವಿಯಾಗುತ್ತದೆ, ನೀರಿನಲ್ಲಿ ಉಪ್ಪಿದ್ದರೆ ಎಲೆಯ ಮೇಲೆ ಉಳಿದು ಅಂಚು ಸುಡುತ್ತದೆ. ಬೆಳಗಿನ ಜಾವ ಅಥವಾ ಇಳಿಹೊತ್ತು, ಬುಡಕ್ಕೆ ಮಾತ್ರ.

ಮನೆಯಲ್ಲಿ ಬಳಸಿದ ನೀರನ್ನು ಹಾಕಬಹುದಾ? ಸ್ನಾನದ ನೀರು ಪರವಾಗಿಲ್ಲ. ಬಟ್ಟೆ ಒಗೆದ ನೀರಿನಲ್ಲಿ ಸೋಡಿಯಂ, ಕೆಲವೊಮ್ಮೆ ಬೋರಾನ್ ಇರುತ್ತದೆ. ನಿಂಬೆ, ಮಾವು, ಬೆಣ್ಣೆಹಣ್ಣಿಗೆ ಅದು ಆಗದು, ದಾಳಿಂಬೆ, ಅಂಜೂರ ಸ್ವಲ್ಪ ತಡೆದುಕೊಳ್ಳುತ್ತವೆ. ಆರ್‌ಒ ಯಂತ್ರದಿಂದ ಹೊರಬರುವ ನೀರಿನಲ್ಲಿ ಮೂಲ ನೀರಿಗಿಂತ ಉಪ್ಪು ಜಾಸ್ತಿ. ದಿನಾ ಒಂದೇ ಗಿಡಕ್ಕೆ ಹಾಕುತ್ತಾ ಹೋದರೆ ಎಲೆಯ ಅಂಚು ಅದನ್ನು ತೋರಿಸುತ್ತದೆ. ಎಸಿಯ ನೀರಿನಲ್ಲಿ ಉಪ್ಪಿರುವುದಿಲ್ಲ, ಆದರೆ ಎಷ್ಟು ಸಿಕ್ಕೀತು? ಒಂದು ಸಸಿಗೆ ಸಾಕು. ಬಳಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಸಂಗ್ರಹಿಸಿಡಬೇಡಿ, ನಾರುತ್ತದೆ. ಹಣ್ಣಿಗೆ ತಾಗಿಸಬೇಡಿ.

ಕಾಂಡಕ್ಕೆ: ಸುಣ್ಣ, ಪೇಂಟ್, ಸುತ್ತುಬಟ್ಟೆ

ಮೂರೂ ಮಾಡುವ ಕೆಲಸ ಒಂದೇ, ಬಿಸಿಲನ್ನು ತೊಗಟೆಗೆ ತಟ್ಟದಂತೆ ಮಾಡುವುದು. ಸುಣ್ಣ ಅಗ್ಗ, ಗಿಡಕ್ಕೆ ಹಾನಿ ಇಲ್ಲ. ಒಂದು ಜೋರು ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ಪ್ರತಿ ಬೇಸಿಗೆಗೂ ಬಳಿಯಬೇಕು. ಸುಣ್ಣ ಕಲಸುವಾಗ ಕಣ್ಣು, ಕೈ ಜೋಪಾನ.

ನೀರು ಬೆರೆಸುವ ಬಿಳಿ ಎಮಲ್ಶನ್ ಪೇಂಟನ್ನು ಅಷ್ಟೇ ನೀರು ಸೇರಿಸಿ ತೆಳುಮಾಡಿ ಬಳಿದರೆ ಹೆಚ್ಚು ಕಾಲ ನಿಲ್ಲುತ್ತದೆ. ಮನೆಯ ಒಳಗೋಡೆಗೆ ಬಳಿಯುವಂಥದ್ದನ್ನೇ ಆರಿಸಿ, ಹೊರಗೋಡೆಯ ಪೇಂಟಿನಲ್ಲಿ ಬೂಸ್ಟು ತಡೆಯಲು ಸೇರಿಸಿದ ರಾಸಾಯನಿಕಗಳು ಇರಬಹುದು. ಆಯಿಲ್ ಪೇಂಟ್, ಎನಾಮೆಲ್ ಯಾವ ಕಾರಣಕ್ಕೂ ಬೇಡ, ಅವು ತೊಗಟೆಗೆ ಹಾನಿ ಮಾಡುತ್ತವೆ. ಬಿಳಿ ಇಷ್ಟವಿಲ್ಲದಿದ್ದರೆ ಬೇರೆ ತಿಳಿ ಬಣ್ಣವೂ ಆದೀತು. ಗಾಢ ಬಣ್ಣ ಶಾಖ ಹೀರುತ್ತದೆ, ಅದನ್ನು ಬಳಿದರೆ ಮಾಡಿದ ಕೆಲಸ ತಿರುಗುಬಾಣ.

ಬೋರ್ಡೋ ಪೇಸ್ಟ್ ಬಳಿದಿದ್ದೇನೆ, ಸಾಲದಾ ಅಂತ ಕೇಳುವವರಿದ್ದಾರೆ. ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣ ಶಿಲೀಂಧ್ರಕ್ಕೆ ಮದ್ದು. ಅದರ ನೀಲಿ ಬಣ್ಣ ಬಿಳಿಯಷ್ಟು ಬಿಸಿಲು ತಿರುಗಿಸುವುದಿಲ್ಲ. ಎರಡೂ ಬೇರೆ ಬೇರೆ ಕೆಲಸ.

ಗೋಣಿ ಅಥವಾ ಬಿಳಿ ಬಟ್ಟೆ ಸುತ್ತುವುದು ಎಳೆಯ ಸಸಿಗೆ ಚೆನ್ನಾಗಿರುತ್ತದೆ, ತಕ್ಷಣ ಮಾಡಬಹುದು. ಆದರೆ ಸುತ್ತಿದ್ದನ್ನು ಮರೆಯುತ್ತೇವೆ. ಒಳಗೆ ಒದ್ದೆ ಸೇರಿ ಹುಳ ಮನೆ ಮಾಡುತ್ತದೆ, ದಾರ ತೊಗಟೆಗೆ ಕಚ್ಚಿಕೊಳ್ಳುತ್ತದೆ. ಮರೆಯುವ ಸ್ವಭಾವದವರು ಪೇಂಟ್ ಆರಿಸಿಕೊಳ್ಳಲಿ.

ನನ್ನ ಆಯ್ಕೆ ಪೇಂಟೇ. ನೆಲದಿಂದ ಮೊದಲ ಕವಲಿನವರೆಗೆ ಎಲ್ಲ ಸುತ್ತಲೂ ಬಳಿಯಬೇಕು. ಅದಕ್ಕಿಂತ ಮುಖ್ಯ, ಆಕಾಶಕ್ಕೆ ಮುಖ ಮಾಡಿ ಅಡ್ಡಡ್ಡಲಾಗಿ ಚಾಚಿದ ದಪ್ಪ ಕೊಂಬೆಗಳ ಮೇಲ್ಮೈ. ನಡುಹಗಲ ಬಿಸಿಲು ನೇರ ಬೀಳುವುದು ಅಲ್ಲಿಗೇ, ಅದನ್ನೇ ಬಿಡುತ್ತೇವೆ. ಬೆಣ್ಣೆಹಣ್ಣು, ನಿಂಬೆ ಜಾತಿಗಳ ತೊಗಟೆ ತೆಳು. ಅವುಗಳ ಕೊಂಬೆ ಸವರಿ ಒಳಭಾಗ ತೆರೆದುಕೊಂಡಿದ್ದರೆ ಅದೇ ದಿನ ಬಳಿಯಬೇಕು, ನಾಳೆ ಅನ್ನಬಾರದು. ನಿಜ ಹೇಳಬೇಕೆಂದರೆ ಬೇಸಿಗೆಯಲ್ಲಿ ಸವರುವ ಕೆಲಸವನ್ನೇ ಮುಟ್ಟದಿರುವುದು ಒಳ್ಳೆಯದು. ಸುಟ್ಟ ಎಲೆಗಳು ನೋಡಲು ಚಂದ ಇಲ್ಲ ಅಂತ ಕಿತ್ತುಹಾಕಬೇಡಿ, ಅವು ಒಳಗಿನ ಎಲೆಗೂ ತೊಗಟೆಗೂ ನೆರಳಾಗಿರುತ್ತವೆ.

ಶೇಡ್ ನೆಟ್, ಬಿಳಿ ಜೇಡಿ, ಕಾಗದದ ಚೀಲ

ಇಲ್ಲಿಗೆ ಬಂದ ಮೇಲೆ ಶೇಡ್ ನೆಟ್. ಅದಕ್ಕೆ ನಿಜವಾದ ಕೆಲಸ ಇರುವುದು ಎರಡು ಕಡೆ. ಒಂದು, ಈಗಷ್ಟೇ ನೆಟ್ಟ ಸಸಿ. ನರ್ಸರಿಯ ನೆರಳಿನಲ್ಲಿ ಬೆಳೆದದ್ದು ಒಮ್ಮೆಲೇ ಬಯಲಿಗೆ ಬಂದಿರುತ್ತದೆ, ಬೇರು ಇನ್ನೂ ಹರಡಿಲ್ಲ. ಇನ್ನೊಂದು, ಬಿಳಿ ಗೋಡೆ, ಕಾಂಕ್ರೀಟ್ ನೆಲ, ತಗಡಿನ ಪಕ್ಕದಲ್ಲಿ ನಿಂತ ಗಿಡ. ಅದಕ್ಕೆ ಎರಡೂ ಕಡೆಯಿಂದ ಕಾವು.

ನೆಟ್ಟಿನ ಮೇಲೆ ಬರೆದ ಶೇಕಡಾ ಎಂದರೆ ಅದು ತಡೆಯುವ ಬೆಳಕು. ಸಸಿಗೆ 50 ಶೇಕಡಾ ಸರಿ, ಫಲ ಕೊಡುವ ಗಿಡಕ್ಕೆ 20–30 ಸಾಕು. 75 ಶೇಕಡಾದ್ದು ನೆರಳು ಬಯಸುವ ಅಲಂಕಾರದ ಗಿಡಗಳಿಗೆ. ಅದನ್ನು ಹಣ್ಣಿನ ಗಿಡಕ್ಕೆ ಹೊದಿಸಿದರೆ ಎಲೆ ಹಸಿರಾಗಿರುತ್ತದೆ, ಹೂವು ಕಡಿಮೆಯಾಗುತ್ತದೆ. ನೋಡಿದವರಿಗೆ ಗಿಡ ಸುಖವಾಗಿದೆ ಅನ್ನಿಸುತ್ತದೆ ಅಷ್ಟೇ. ಬಣ್ಣದಲ್ಲಿ ಬಿಳಿ ಅಥವಾ ಬೆಳ್ಳಿ ಬಣ್ಣದ್ದು ಕಪ್ಪಿಗಿಂತ ಮೇಲು, ಕಪ್ಪು ತಾನೇ ಕಾದು ಕೆಳಗೆ ಶಾಖ ಬಿಡುತ್ತದೆ. ಗಿಡದ ಮೈಗೆ ತಾಗಿಸಿ ಹೊದಿಸಬಾರದು, ಮೇಲೆ ಒಂದೆರಡು ಅಡಿ ಜಾಗವಿದ್ದು ಗಾಳಿ ಆಡಬೇಕು. ಸುತ್ತ ಮುಚ್ಚಿದರೆ ಹೂವಿನ ಕಾಲದಲ್ಲಿ ಜೇನು ಬರಲಾರದು. ಎಷ್ಟೋ ಸಲ ಮೇಲೆ ಏನೂ ಕಟ್ಟದೆ ಪಶ್ಚಿಮದ ಕಡೆ ಒಂದು ಪರದೆ ಇಳಿಬಿಟ್ಟರೆ ಸಾಕಾಗುತ್ತದೆ. ಇದು ಎಲ್ಲರೂ ಮೊದಲು ಪ್ರಯತ್ನಿಸಬೇಕಾದ್ದು, ಗಾಳಿಗೆ ಕಂಬ ಕಿತ್ತುಬರುವ ಭಯವೂ ಕಡಿಮೆ.

ಶೇಡ್ ನೆಟ್ ತೆಗೆಯುವಾಗಲೂ ಜಾಗ್ರತೆ. ನೆರಳಿಗೆ ಒಗ್ಗಿದ ಎಲೆ, ಹಣ್ಣು ಒಮ್ಮೆಲೇ ಬಿಸಿಲಿಗೆ ಬಿದ್ದರೆ ಸಾಧಾರಣ ಸೆಕೆಯಲ್ಲೂ ಬಿಳಿಚುತ್ತವೆ. ಮೋಡ ಇರುವ ದಿನ ನೋಡಿ ತೆಗೆಯಿರಿ.

ಕಯೋಲಿನ್ ಎಂಬ ಬಿಳಿ ಜೇಡಿಯ ನುಣ್ಣನೆಯ ಪುಡಿಯನ್ನು ಲೀಟರ್ ನೀರಿಗೆ 30ರಿಂದ 60 ಗ್ರಾಂ ಕಲಸಿ ಎಲೆ, ಹಣ್ಣಿನ ಮೇಲೆ ಸಿಂಪಡಿಸುವುದು ಇನ್ನೊಂದು ದಾರಿ. ಗಿಡಕ್ಕೆ ಬಿಳಿ ಪುಡಿ ಬಳಿದ ಹಾಗೆ ಕಾಣುತ್ತದೆ, ಬಿಸಿಲು ಹಿಂದಕ್ಕೆ ಹೊರಳುತ್ತದೆ, ಕೆಲವು ಕೀಟಗಳಿಗೂ ಅದು ಹಿಡಿಸುವುದಿಲ್ಲ. ಕಂಬ ಕಟ್ಟುವ ಗೋಜಿಲ್ಲ. ಸೆಕೆ ಏರುವ ಮುಂಚೆಯೇ ಎರಡು ಸಲ ಸಿಂಪಡಿಸಿರಬೇಕು, ಹೊಸ ಚಿಗುರು ಬಂದಾಗ ಮತ್ತೆ, ಮಳೆ ಬಂದರೆ ಮತ್ತೆ. ಕೃಷಿಗೆಂದೇ ಮಾಡಿದ ಪುಡಿ ಬೇಕು, ಒರಟು ಜೇಡಿ ಸಿಂಪರಣೆಯ ನಾಜಲ್ ಕಟ್ಟಿಸುತ್ತದೆ. ಸಿಂಪಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿ. ಐದಾರು ಗಿಡ ಇದ್ದು ಎಲ್ಲ ಕೈಗೆಟುಕುವ ಎತ್ತರದಲ್ಲಿದ್ದರೆ ನೆಟ್ಟಿಗಿಂತ ಇದು ಮೇಲು. ಎತ್ತರದ ಮರಕ್ಕೆ ಮೇಲಿನವರೆಗೂ ಮುಟ್ಟಿಸುವುದು ಕಷ್ಟ.

ಗಿಡದಲ್ಲಿ ಇರುವುದೇ ಮೂವತ್ತು ನಲವತ್ತು ಹಣ್ಣು ಅಂದರೆ ಇವೆರಡೂ ಯಾಕೆ? ದಾಳಿಂಬೆ, ಮಾವು, ಸೀಬೆಗೆ ಒಂದೊಂದು ಬಿಳಿ ಕಾಗದದ ಚೀಲ ಕಟ್ಟಿದರೆ ಬಿಸಿಲಿನಿಂದಲೂ ಹಣ್ಣುನೊಣದಿಂದಲೂ ಕಾವಲು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಹಣ್ಣು ಬೆಂದೇ ಹೋಗುತ್ತದೆ.

ಪಶ್ಚಿಮದ ಕಡೆ ನುಗ್ಗೆ, ತೊಗರಿಯಂಥ ಬೇಗ ಬೆಳೆಯುವ ಗಿಡ ನೆಟ್ಟು ನೆರಳು ಮಾಡುವುದೂ ಒಂದು ಆಯ್ಕೆ. ಅವೂ ನೀರು ಕುಡಿಯುತ್ತವೆ ಅನ್ನುವುದು ನೆನಪಿರಲಿ. ನಡುವೆ ಎರಡು ಮೀಟರ್ ಬಿಡಿ, ಹಣ್ಣಿನ ಗಿಡ ಬಲಿತ ಮೇಲೆ ಕಡಿದು ಅದನ್ನೇ ಹೊದಿಕೆ ಮಾಡಿ.

ಮಣ್ಣಿಗೆ ಬೆರೆಸುವ ನೀರು ಹೀರುವ ಜೆಲ್, ಎಲೆಗೆ ಸಿಂಪಡಿಸುವ ಮೇಣದ ಲೇಪ ಇವನ್ನು ನಾನು ಆಯ್ಕೆಯ ಪಟ್ಟಿಗೇ ಸೇರಿಸುವುದಿಲ್ಲ. ಜೆಲ್‌ನಿಂದ ಸಿಗುವ ಫಲ ಒಂದೊಂದು ಕಡೆ ಒಂದೊಂದು ಥರ. ಮೇಣ ನೀರಿನ ಜೊತೆ ಎಲೆಯ ಉಸಿರಾಟವನ್ನೂ ತಡೆಯುತ್ತದೆ, ಎಲೆ ಇನ್ನಷ್ಟು ಕಾಯುತ್ತದೆ.

ನಿಮ್ಮ ಗಿಡಕ್ಕೆ ಯಾವುದು?

ನೆಟ್ಟು ಎರಡು ವರ್ಷದ ಒಳಗಿನ ಯಾವುದೇ ಗಿಡಕ್ಕೆ ಹೊದಿಕೆ, ಮಡಕೆ ಅಥವಾ ಡ್ರಿಪ್, ಕಾಂಡಕ್ಕೆ ಬಿಳಿ, ಪಶ್ಚಿಮಕ್ಕೆ ಪರದೆ, ನಾಲ್ಕೂ ಬೇಕು. ಬಲಿತ ಮಾವು, ಸಪೋಟ, ಹುಣಸೆಗೆ ಹೊದಿಕೆಯೊಂದೇ ಸಾಕಾಗಬಹುದು. ಮಾವಿಗಂತೂ ಹೂವಿಗೆ ಮುಂಚೆ ಸ್ವಲ್ಪ ಒಣಗಲು ಬಿಡುವುದೇ ಒಳ್ಳೆಯದು, ಕಾಯಿ ಕಚ್ಚಿದ ಮೇಲೆ ನೀರು ಕೊಡಿ. ನಿಂಬೆ ಜಾತಿಗೆ ನೀರು ಮತ್ತು ಪೇಂಟ್. ಬೆಣ್ಣೆಹಣ್ಣು ಎಲ್ಲಕ್ಕಿಂತ ಸೂಕ್ಷ್ಮ. ಬೇರು ಮೇಲೆಯೇ ಇರುತ್ತದೆ, ತೊಗಟೆ ತೆಳು, ಉಪ್ಪು ಆಗದು. ಅದಕ್ಕೆ ದಪ್ಪ ಹೊದಿಕೆ ಇಲ್ಲದೆ ಬೇಸಿಗೆ ಕಳೆಯುವುದು ಕಷ್ಟ. ದಾಳಿಂಬೆ ಬರ ತಡೆಯುತ್ತದೆ, ಆದರೆ ಒಣಗಿಸಿ ಒಮ್ಮೆಲೇ ನೀರು ಹಾಕಿದರೆ ಹಣ್ಣು ಸೀಳುತ್ತದೆ. ಅದಕ್ಕೆ ಬೇಕಾದದ್ದು ಏರುಪೇರಿಲ್ಲದ ನೀರು, ಮತ್ತೆ ಹಣ್ಣಿಗೆ ಚೀಲ. ಬಾಳೆಗೆ ನೀರು ಬಿಟ್ಟರೆ ಬೇರೆ ಉಪಾಯವಿಲ್ಲ. ಪಪ್ಪಾಯಿಗೆ ನೀರು ಬೇಕು, ಆದರೆ ಬುಡದಲ್ಲಿ ನೀರು ಕಟ್ಟಿ ನಿಂತರೆ ಸಾಯುತ್ತದೆ.

ಕುಂಡ, ಡ್ರಮ್ಮಿನಲ್ಲಿರುವ ಗಿಡಗಳಲ್ಲಿ ಮೊದಲು ಕಾಯುವುದು ಎಲೆಯಲ್ಲ, ಡ್ರಮ್ಮಿನ ಗೋಡೆಗೆ ಒತ್ತಿಕೊಂಡ ಬೇರು. ಹಾಗಾಗಿ ನೆರಳು ಗಿಡಕ್ಕಿಂತ ಮೊದಲು ಡ್ರಮ್ಮಿಗೆ. ಹೊರಗೆ ಬಿಳಿ ಬಳಿಯಿರಿ, ಗೋಣಿ ಸುತ್ತಿ, ಅಥವಾ ಪಶ್ಚಿಮಕ್ಕೆ ಸಾಲಾಗಿ ಸಣ್ಣ ಕುಂಡಗಳನ್ನು ಇಡಿ. ಒಟ್ಟಿಗೆ ಆಳವಾಗಿ ನೀರು ಕೊಡಿ ಅಂದ ನಿಯಮ ಇಲ್ಲಿಗಿಲ್ಲ, ಉರಿಬಿಸಿಲಿನಲ್ಲಿ ದಿನಾ ಕೊಡಲೇಬೇಕು.

ಎಲ್ಲಕ್ಕೂ ಸಾಲುವಷ್ಟು ನೀರಿಲ್ಲದಿದ್ದರೆ

ಆಗ ಎಲ್ಲ ಗಿಡಕ್ಕೂ ಅರ್ಧರ್ಧ ಹಂಚುವುದು ಕೆಟ್ಟ ಲೆಕ್ಕ, ಯಾವುದಕ್ಕೂ ಸಾಲುವುದಿಲ್ಲ. ಮೊದಲ ಪಾಲು ಎಳೆಯ ಸಸಿಗಳಿಗೆ, ಅವಕ್ಕೆ ಬೇಕಾದ್ದೇ ಕಡಿಮೆ, ತಪ್ಪಿದರೆ ಉಳಿಯುವುದಿಲ್ಲ. ನಂತರ ದೊಡ್ಡ ಮರಗಳಿಗೆ ಮೂರು ನಾಲ್ಕು ವಾರಕ್ಕೊಮ್ಮೆಯಾದರೂ ಒಂದು ಆಳದ ಸರದಿ. ಅವು ಹೇಗೋ ಬದುಕುತ್ತವೆ ಅಂತ ಬಿಟ್ಟುಬಿಡುತ್ತೇವೆ, ಆದರೆ ಇಪ್ಪತ್ತು ವರ್ಷದ ಮರ ಹೋದರೆ ಮತ್ತೆ ಇಪ್ಪತ್ತು ವರ್ಷ ಕಾಯಬೇಕು. ಬಾಳೆ, ಪಪ್ಪಾಯಿಯನ್ನು ಬಿಟ್ಟುಕೊಡಬಹುದು, ಮಳೆ ಬಂದ ಮೇಲೆ ಹೊಸದು ನೆಟ್ಟರೆ ಒಂದೆರಡು ವರ್ಷದಲ್ಲಿ ಹಣ್ಣು. ಸೊರಗಿದ ಗಿಡದಲ್ಲಿ ಎಳೆಗಾಯಿಗಳನ್ನು ಅರ್ಧಕ್ಕೆ ಇಳಿಸಿ, ತೀರಾ ಕಷ್ಟದಲ್ಲಿದ್ದರೆ ಎಲ್ಲವನ್ನೂ ಕಿತ್ತುಬಿಡಿ. ಮನಸ್ಸಿಗೆ ಬೇಜಾರಾಗುತ್ತದೆ, ಗಿಡಕ್ಕೆ ಹಗುರವಾಗುತ್ತದೆ. ಈ ಹೊತ್ತಿನಲ್ಲಿ ಯೂರಿಯಾದಂಥ ಸಾರಜನಕದ ಗೊಬ್ಬರ ಬೇಡ. ಅದು ಎಬ್ಬಿಸುವ ಎಳೆ ಚಿಗುರಿಗೆ ಇನ್ನಷ್ಟು ನೀರು ಬೇಕಾಗುತ್ತದೆ.

ಮಳೆ ಬಂದ ಮೇಲೆ ಒಣಗಿದಂತೆ ಕಾಣುವ ಕೊಂಬೆಗಳನ್ನು ಕತ್ತರಿಸಲು ಅವಸರ ಮಾಡಬೇಡಿ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆಯಿರಿ. ಹೊಸ ಚಿಗುರು ಎಲ್ಲಿಂದ ಬರುತ್ತದೆ ಅಂತ ಕಾಣಲು ಒಂದೆರಡು ತಿಂಗಳು ಬಿಟ್ಟು, ಆಮೇಲೆ ಅದರ ಮೇಲಕ್ಕೆ ಕತ್ತರಿಸಿ. ಕತ್ತರಿಸಿದ ಮೇಲೆ ಬಿಸಿಲಿಗೆ ತೆರೆದುಕೊಂಡ ಕೊಂಬೆಗಳಿಗೆ ಮತ್ತೆ ಬಿಳಿ ಬಳಿಯಬೇಕಾಗುತ್ತದೆ.